ಹಾಕದ ಬಟ್ಟೆ ಯಾರದು?

ಹಿಜರಿ 99ರ ಸಫರ್ ತಿಂಗಳು, ಅಂದರೆ ಕ್ರಿ.ಶ. 717. ಉತ್ತರ ಸಿರಿಯಾದ ದಾಬಿಕ್ ಎಂಬಲ್ಲಿ ಉಮವೀ ಖಲೀಫಾ ಸುಲೈಮಾನ್ ಬಿನ್ ಅಬ್ದುಲ್ ಮಲಿಕ್ ಮರಣ ಹೊಂದಿದರು. ಅವರ ಚಿಕ್ಕಪ್ಪನ ಮಗ ಉಮರ್ ಬಿನ್ ಅಬ್ದುಲ್ ಅಝೀಝ್(ರಹ) ಹೊಸ ಖಲೀಫಾ ಆದರು. ಆ ರಾತ್ರಿ ಸುಲೈಮಾನರ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಇಬ್ನ್ ಅಬ್ದುಲ್ ಹಕಮ್ ತಮ್ಮ ಚರಿತ್ರೆಯಲ್ಲಿ ಬರೆದಿಟ್ಟಿದ್ದಾರೆ. ಮನೆಯವರು ರಾತ್ರಿಯಿಡೀ ನಿದ್ರೆ ಮಾಡಲಿಲ್ಲ. ಯಾರೂ ತೊಡದೆ ಇಟ್ಟಿದ್ದ ಬಟ್ಟೆಗಳನ್ನು ಒಂದೊಂದಾಗಿ ಮೈಗೆ ಹಾಕಿ, ಮಡಿಕೆ ಮುರಿದು, ತೆಗೆದಿಡುತ್ತಿದ್ದರು. ಸುಗಂಧವನ್ನೂ ಎಣ್ಣೆಯನ್ನೂ ಒಂದು ಸೀಸೆಯಿಂದ ಇನ್ನೊಂದು ಸೀಸೆಗೆ ಸುರಿಯುತ್ತಿದ್ದರು.

ಇದೇಕೆಂದರೆ, ಆಗ ಅರಮನೆಯಲ್ಲಿ ಒಂದು ಪದ್ಧತಿ ಇತ್ತು. ತೀರಿಹೋದ ಖಲೀಫಾ ತೊಟ್ಟ ಬಟ್ಟೆ, ಬಳಸಿದ ಸುಗಂಧ ಅವರ ಮಕ್ಕಳಿಗೆ. ತೊಡದ ಬಟ್ಟೆ, ಮುಟ್ಟದ ಸುಗಂಧ ಮುಂದಿನ ಖಲೀಫಾಗೆ. ಹೊಸತನ್ನೆಲ್ಲ ಒಮ್ಮೆ ಮೈಗೆ ತಾಗಿಸಿದರೆ ಅದೂ ತಮ್ಮದೇ ಆಗುತ್ತದೆ ಎಂಬುದು ಮನೆಯವರ ಲೆಕ್ಕ. ಬೆಳಿಗ್ಗೆ ಎರಡು ರಾಶಿ ಮಾಡಿ, ಇದು ನಿಮ್ಮದು, ಇದು ನಮ್ಮದು ಎಂದು ಹೊಸ ಖಲೀಫಾರ ಮುಂದಿಟ್ಟರು. ಉಮರ್(ರಹ) ಆ ಲೆಕ್ಕವನ್ನೇ ಒಪ್ಪಲಿಲ್ಲ. ಇದು ನನ್ನದೂ ಅಲ್ಲ, ಸುಲೈಮಾನರದೂ ಅಲ್ಲ, ನಿಮ್ಮದೂ ಅಲ್ಲ ಎಂದು ಹೇಳಿ, ಎಲ್ಲವನ್ನೂ ಬೈತುಲ್ ಮಾಲ್‌ಗೆ ಸೇರಿಸುವಂತೆ ತಮ್ಮ ಸೇವಕ ಮುಝಾಹಿಮ್‌ಗೆ ಆದೇಶಿಸಿದರು.

ಪ್ರಿಯ ಸಹೋದರ ಸಹೋದರಿಯರೇ, ಮನೆಯ ಬಟ್ಟೆ ಕಡಿಮೆ ಮಾಡಬೇಕು ಎಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಬೀರುವಿನಲ್ಲಿ ಜಾಗವಿಲ್ಲ, ಒಗೆದು ಮಡಿಸಿ ಸಾಕಾಗಿದೆ ಎಂದು ಜನ ಹೇಳುತ್ತಾರೆ. ಅದು ಸರಿಯಾದ ಮಾತೇ. ಆದರೆ ನಮ್ಮ ಇತಿಹಾಸ ಇನ್ನೊಂದು ಪ್ರಶ್ನೆಯನ್ನು ಮೊದಲು ಕೇಳುತ್ತದೆ. ಎಷ್ಟು ಬಟ್ಟೆ ಇದೆ ಎಂಬುದಕ್ಕಿಂತ ಮೊದಲು, ಹಾಕದೆ ಇಟ್ಟಿರುವುದು ಯಾರದು?

ಉಮರ್ ಬಿನ್ ಅಬ್ದುಲ್ ಅಝೀಝ್(ರಹ) ಬಡತನದಲ್ಲಿ ಬೆಳೆದವರಲ್ಲ. ಅವರ ತಂದೆ ಈಜಿಪ್ಟಿನ ಗವರ್ನರ್ ಆಗಿದ್ದರು. ಸ್ವತಃ ಅವರು ಕ್ರಿ.ಶ. 706ರಿಂದ 712ರವರೆಗೆ ಮದೀನಾದ ಗವರ್ನರ್ ಆಗಿದ್ದರು. ಆಗ ಅವರ ಉಡುಪು, ನಡಿಗೆ, ಸುಗಂಧ ಎಲ್ಲವೂ ಊರಿನ ಮಾತಾಗಿದ್ದವು. ಅವರ ಬಟ್ಟೆಯ ಕಸ್ತೂರಿಯ ಪರಿಮಳ ತಮ್ಮ ಬಟ್ಟೆಗೂ ಹತ್ತಲಿ ಎಂದು, ಅವರ ಬಟ್ಟೆಯ ಜೊತೆ ತಮ್ಮದನ್ನೂ ಒಗೆಯುವಂತೆ ಜನರು ಅಗಸನಿಗೆ ಹೆಚ್ಚು ಹಣ ಕೊಡುತ್ತಿದ್ದರಂತೆ. ಕಾಲವೂ ಹಾಗೆಯೇ ಇತ್ತು. ಸುಲೈಮಾನರಿಗೆ ವಶಿ ಎಂಬ ಬಣ್ಣಬಣ್ಣದ ಕಸೂತಿ ಬಟ್ಟೆಯ ಮೇಲೆ ಬಹಳ ಮೋಹ. ಅವರ ಕಾಲದಲ್ಲಿ ಯಮನ್, ಕೂಫಾ, ಅಲೆಕ್ಸಾಂಡ್ರಿಯಾಗಳಲ್ಲಿ ಉತ್ತಮ ವಶಿ ತಯಾರಾಗುತ್ತಿತ್ತು, ಜನರೂ ಅದನ್ನೇ ತೊಡಲಾರಂಭಿಸಿದರು ಎಂದು ಇತಿಹಾಸಕಾರ ಮಸ್ಊದಿ ಬರೆಯುತ್ತಾರೆ. ಅರಸರು ಏನು ಉಡುತ್ತಾರೋ ಪ್ರಜೆಗಳೂ ಅದನ್ನೇ ಬಯಸುತ್ತಾರೆ. ಇಂದು ಅರಸರ ಜಾಗದಲ್ಲಿ ಮೊಬೈಲ್ ಇದೆ, ಅಷ್ಟೇ ವ್ಯತ್ಯಾಸ.

ಖಲೀಫಾ ಆದ ಮೇಲೆ ಉಮರ್(ರಹ) ತಮ್ಮ ಮನೆಯನ್ನೇ ಮೊದಲು ಸರಿಪಡಿಸಿದರು. ಬೆಲೆಬಾಳುವ ಉಡುಪುಗಳನ್ನು ಮಾರಿಸಿದರು. ಅವರು ಖಲೀಫಾ ಆಗಿದ್ದಾಗ ಮೈಮೇಲಿದ್ದ ಬಟ್ಟೆಗೆಲ್ಲ ಬೆಲೆ ಕಟ್ಟಿದರೆ, ಅಂಗಿ, ಮುಂಡಾಸು, ಟೋಪಿ ಎಲ್ಲ ಸೇರಿ 12 ದಿರ್ಹಮ್ ಆಗುತ್ತಿತ್ತು ಎಂದು ಅವರ ಆಪ್ತರಾಗಿದ್ದ ವಿದ್ವಾಂಸ ರಜಾ ಬಿನ್ ಹೈವಾ(ರಹ) ಹೇಳಿದ್ದಾರೆ. ಪತ್ನಿ ಫಾತಿಮಾ(ರಹ) ಖಲೀಫಾ ಅಬ್ದುಲ್ ಮಲಿಕ್‌ರ ಮಗಳು. ತಂದೆ ಕೊಟ್ಟ ಬೆಲೆಬಾಳುವ ಆಭರಣ ಅವರ ಬಳಿ ಇತ್ತು. ಅದು ಜನರ ಹಣದಿಂದ ಬಂದದ್ದೆಂಬ ಸಂಕಟ ಉಮರ್‌ರಿಗೆ. ಅವರು ಅದನ್ನು ಕಿತ್ತುಕೊಳ್ಳಲಿಲ್ಲ. ತೀರ್ಮಾನವನ್ನು ಫಾತಿಮಾರಿಗೇ ಬಿಟ್ಟರು: ಈ ಆಭರಣ ಮತ್ತು ನಾನು ಒಂದೇ ಮನೆಯಲ್ಲಿರಲು ಸಾಧ್ಯವಿಲ್ಲ, ಯಾವುದು ಬೇಕೋ ಆರಿಸಿಕೋ. ಫಾತಿಮಾ ಪತಿಯನ್ನು ಆರಿಸಿ, ಆಭರಣವನ್ನು ಬೈತುಲ್ ಮಾಲ್‌ಗೆ ಕೊಟ್ಟರು. ಮುಂದೆ ಪತಿ ತೀರಿಕೊಂಡು ತಮ್ಮ ಸಹೋದರ ಯಝೀದ್ ಖಲೀಫಾ ಆಗಿ ಅದನ್ನು ಮರಳಿಸಲು ಬಂದಾಗಲೂ ಅವರು ತೆಗೆದುಕೊಳ್ಳಲಿಲ್ಲ.

ಉಮರ್(ರಹ) ಆಳಿದ್ದು ಎರಡೂವರೆ ವರ್ಷಕ್ಕೂ ಕಡಿಮೆ. ಹಿಜರಿ 101ರಲ್ಲಿ ಅವರು ಮರಣಶಯ್ಯೆಯಲ್ಲಿದ್ದಾಗ, ಫಾತಿಮಾರ ಸಹೋದರ ಮಸ್ಲಮಾ ನೋಡಲು ಬಂದರು. ಅಂಗಿ ಕೊಳೆಯಾಗಿತ್ತು. ಜನ ಬರುತ್ತಾರೆ, ಅಂಗಿ ಒಗೆಯಿರಿ ಎಂದು ತಂಗಿಗೆ ಹೇಳಿಹೋದರು. ಮತ್ತೆ ಬಂದಾಗಲೂ ಅದೇ ಅಂಗಿ. ಗದರಿದಾಗ ಫಾತಿಮಾ ಹೇಳಿದ್ದು ಇಷ್ಟೇ: ಅಲ್ಲಾಹನಾಣೆ, ಅವರಿಗೆ ಬೇರೆ ಅಂಗಿ ಇಲ್ಲ.

ಇದೇ ಮನೆತನದ ಇನ್ನೊಂದು ಮರಣವನ್ನೂ ನೋಡೋಣ. ಫಾತಿಮಾರ ಮತ್ತೊಬ್ಬ ಸಹೋದರ ಹಿಶಾಮ್ ಕ್ರಿ.ಶ. 724ರಿಂದ 743ರವರೆಗೆ ಆಳಿದರು. ಅವರು ಅಸಮರ್ಥ ಅರಸರಲ್ಲ. ಲೆಕ್ಕಪತ್ರದಲ್ಲಿ ಬಹಳ ಕಟ್ಟುನಿಟ್ಟು. ಆದರೆ ಅವರ ಬಟ್ಟೆಬರೆಗಳನ್ನು ಸಾಗಿಸಲು ನೂರಾರು ಒಂಟೆಗಳು ಬೇಕಾಗುತ್ತಿದ್ದವು ಎಂದು ಇತಿಹಾಸಕಾರರು ಬರೆಯುತ್ತಾರೆ. ವಿಚಿತ್ರವೆಂದರೆ, ಇದೇ ಹಿಶಾಮ್ ಖಲೀಫಾ ಆಗುವ ಮೊದಲು ತೊಡುತ್ತಿದ್ದ ಹಸಿರು ನಿಲುವಂಗಿಯನ್ನೇ ಆಮೇಲೂ ತೊಡುತ್ತಿದ್ದರೆಂಬ ವರದಿಯೂ ಇದೆ. ಅಂದರೆ ಕೂಡಿಟ್ಟದ್ದು ಒಂದು, ತೊಟ್ಟದ್ದು ಇನ್ನೊಂದು. ರುಸಾಫಾದಲ್ಲಿ ಅವರು ತೀರಿಕೊಂಡಾಗ, ಮುಂದಿನ ಖಲೀಫಾ ವಲೀದ್‌ನ ಕಡೆಯವರು ಉಗ್ರಾಣಗಳಿಗೆ ಮುದ್ರೆ ಹಾಕಿಬಿಟ್ಟರು. ಮಯ್ಯಿತ್ ಸ್ನಾನಕ್ಕೆ ನೀರು ಕಾಯಿಸುವ ಪಾತ್ರೆಯನ್ನೂ ಬೇರೆಯವರಿಂದ ಕೇಳಿ ತರಬೇಕಾಯಿತು. ಉಗ್ರಾಣದಿಂದ ಕಫನ್ ಬಟ್ಟೆಯೂ ಸಿಗಲಿಲ್ಲ, ಅವರ ಸೇವಕ ಗಾಲಿಬ್ ಕಫನ್ ಹೊದಿಸಿದ. ಇದನ್ನು ತಬರಿ ದಾಖಲಿಸಿದ್ದಾರೆ.

ನಮ್ಮ ಮನೆಗಳಲ್ಲಿಯೂ ನಡೆಯುತ್ತಿರುವುದು ಇದೇ ಅಲ್ಲವೇ? ಬೀರು ತುಂಬಿದೆ, ಕಟ್ಟಿಗೆಯ ಪೆಟ್ಟಿಗೆ ತುಂಬಿದೆ, ಮಂಚದ ಕೆಳಗಿನ ಟ್ರಂಕೂ ತುಂಬಿದೆ. ಮೈಮೇಲೆ ಮಾತ್ರ ವಾರವಿಡೀ ಅದೇ ಮೂರು ಜೊತೆ. ನಿಖಾಹ್‌ನ ದಿನ ಒಮ್ಮೆ ಹಾಕಿದ ಶೇರ್ವಾನಿ, ವಲೀಮಾಕ್ಕೆ ಒಮ್ಮೆ ಉಟ್ಟ ಭಾರಿ ಲೆಹೆಂಗಾ, ಮಗುವಿಗೆ ಈಗ ಬಿಗಿಯಾಗಿರುವ ಮೂರು ವರ್ಷದ ಹಿಂದಿನ ಈದ್‌ನ ಜುಬ್ಬಾ, ಎಲ್ಲವೂ ಕಾಯುತ್ತಿವೆ. ಹಾಗಿದ್ದರೂ ರಮಝಾನಿನ ಕೊನೆಯ ಹತ್ತು ರಾತ್ರಿಗಳಲ್ಲಿ ನಮ್ಮ ಕುಟುಂಬಗಳು ಬಟ್ಟೆ ಅಂಗಡಿಯಲ್ಲಿರುತ್ತವೆ. ಅದೇ ಮೊಹಲ್ಲಾದಲ್ಲಿ ಮಗಳ ಮದುವೆಯ ಬಟ್ಟೆಗೆ ಸಾಲ ಮಾಡುವ ತಂದೆಯೂ ಇರುತ್ತಾನೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬೇಡ. ಹರಕಲು ಬಟ್ಟೆ ತೊಡುವುದೇ ದೀನ್ ಅಲ್ಲ. ಅನುಕೂಲವಿದ್ದೂ ಕಳಪೆ ಬಟ್ಟೆಯಲ್ಲಿ ಬಂದವರೊಬ್ಬರಿಗೆ, ಅಲ್ಲಾಹನು ಕೊಟ್ಟ ಅನುಗ್ರಹ ನಿಮ್ಮ ಮೇಲೆ ಕಾಣಲಿ ಎಂಬರ್ಥದಲ್ಲಿ ಪ್ರವಾದಿ(ಸ) ತಿದ್ದಿದ್ದರು. ಸಾಧ್ಯವಿರುವವರು ದುಡಿಮೆಯ ಬಟ್ಟೆಯಲ್ಲದೆ ಜುಮುಅಕ್ಕೆಂದು ಬೇರೆ ಒಂದು ಜೊತೆ ಇಟ್ಟುಕೊಳ್ಳುವುದನ್ನೂ ಅವರು ಮೆಚ್ಚಿದ್ದರು. ಮಸೀದಿಗೆ ಬರುವಾಗ ಚೆನ್ನಾಗಿ ಉಡಿ, ಆದರೆ ಮಿತಿ ಮೀರಬೇಡಿ ಎಂಬುದು ಅಅ್‌ರಾಫ್ ಅಧ್ಯಾಯದ ಬೋಧನೆ. ಚೆಂದವೂ ಮಿತಿಯೂ ಅಲ್ಲಿ ಜೊತೆಯಲ್ಲೇ ಬಂದಿವೆ.

ಹಾಗಾದರೆ ಹೆಚ್ಚಾದದ್ದನ್ನು ಏನು ಮಾಡುವುದು? ಮದೀನಾದಲ್ಲಿ ಇದಕ್ಕೊಂದು ಸುಂದರ ಮಾದರಿ ಇತ್ತು. ಹಝ್ರತ್ ಆಯಿಶಾ(ರ) ಅವರ ಬಳಿ ಐದು ದಿರ್ಹಮ್ ಬೆಲೆಯ ಒರಟು ಹತ್ತಿಯ ಒಂದು ಉಡುಪಿತ್ತು. ಪ್ರವಾದಿಯವರ(ಸ) ಕಾಲದಲ್ಲಿ ಮದೀನಾದ ಹೆಣ್ಣುಮಕ್ಕಳನ್ನು ಮದುಮಗಳಾಗಿ ಸಿಂಗರಿಸುವಾಗ ಅದನ್ನೇ ಕೇಳಿ ಒಯ್ಯುತ್ತಿದ್ದರು. ಮುಂದೆ ಕಾಲ ಬದಲಾಗಿ, ಮನೆಯ ಕೆಲಸದ ಹುಡುಗಿಯೂ ಅದನ್ನು ತೊಡಲು ಒಲ್ಲೆ ಎನ್ನುತ್ತಾಳೆ ಎಂದು ಆಯಿಶಾ(ರ) ನೆನೆಸಿಕೊಂಡದ್ದು ಸಹೀಹ್ ಬುಖಾರಿಯಲ್ಲಿದೆ. ಒಂದು ಬಟ್ಟೆ, ಹಲವು ಮದುವೆ. ನಮ್ಮ ಒಂದೊಂದು ಜಮಾಅತ್‌ನಲ್ಲಿ ಹತ್ತು ಮನೆಯವರು ತಮ್ಮ ಮದುವೆಯ ಉಡುಪನ್ನು ಎರವಲಿಗೆ ಇಟ್ಟರೆ, ಎಷ್ಟು ತಂದೆಯರ ಸಾಲ ತಪ್ಪೀತು ಯೋಚಿಸಿ.

ಕೊಡುವುದರಲ್ಲಿಯೂ ಒಂದು ಎಚ್ಚರ ಬೇಕು. ನೆರೆ ಬಂದಾಗ, ಬೆಂಕಿ ಅನಾಹುತವಾದಾಗ ಮಸೀದಿಗೆ ಬರುವ ಮೂಟೆಗಳನ್ನು ನಾವು ಬಿಚ್ಚಿದ್ದೇವೆ. ಒಳ್ಳೆಯ ಬಟ್ಟೆಯ ಜೊತೆ ಗುಂಡಿಯಿಲ್ಲದ ಅಂಗಿ, ಕಲೆಯಾದ ಪೈಜಾಮ, ಒಗೆಯದ ಹೊದಿಕೆಯೂ ಇರುತ್ತವೆ. ತಾವೇ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸದಂಥ ವಸ್ತುವನ್ನು ದಾನಕ್ಕೆ ಆರಿಸುವುದರ ವಿರುದ್ಧ ಬಕರಾ ಅಧ್ಯಾಯ ಎಚ್ಚರಿಸುತ್ತದೆ. ಆದ್ದರಿಂದ ಅಳತೆಗೋಲು ಸುಲಭ: ಇದನ್ನು ಹಾಕಿಕೊಂಡು ನಾವು ಜುಮುಅಕ್ಕೆ ಹೋಗುತ್ತೇವೆಯೇ? ಹೌದಾದರೆ ಒಗೆದು, ಇಸ್ತ್ರಿ ಮಾಡಿ, ಗುಂಡಿ ಹೊಲಿದು ಕೊಡೋಣ. ಇಲ್ಲವಾದರೆ ಅದು ಮನೆ ಒರೆಸಲು ಸಾಕು. ಕೊಡುವಾಗ ಫೋಟೋ ಬೇಡ.

ಇನ್ನೊಂದು ಮಾತು ಗಂಡಸರಿಗೆ. ಪತ್ನಿಯ ಬಟ್ಟೆ, ಆಭರಣ ಅವಳ ಸ್ವತ್ತು. ಅವಳ ಒಪ್ಪಿಗೆಯಿಲ್ಲದೆ ಅದರಲ್ಲಿ ಒಂದು ದುಪ್ಪಟ್ಟಾ ಕೊಡುವ ಹಕ್ಕೂ ಪತಿಗೆ ಇಲ್ಲ. ಖಲೀಫಾ ಆಗಿದ್ದವರೇ ಪತ್ನಿಯ ಮುಂದೆ ಆಯ್ಕೆ ಇಟ್ಟರು. ನಾವೂ ನಮ್ಮ ಅಂಗಿ, ಜುಬ್ಬಾಗಳಿಂದಲೇ ಶುರು ಮಾಡೋಣ. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, ಯಾವುದನ್ನು ಕೊಡಬೇಕೆಂದು ಅವರೇ ಆರಿಸಲಿ. ಕೊಡುವ ಅಭ್ಯಾಸ ಕೈಯಿಂದ ಬರಬೇಕು, ಉಪದೇಶದಿಂದ ಬರುವುದಿಲ್ಲ.

ಹಿಜರಿ 13ರಲ್ಲಿ ಹಝ್ರತ್ ಅಬೂಬಕ್ಕರ್(ರ) ಮರಣಶಯ್ಯೆಯಲ್ಲಿದ್ದರು. ಮೈಮೇಲೆ ಕೇಸರಿಯ ಕಲೆಯಿದ್ದ ಹಳೆಯ ಬಟ್ಟೆ. ಇದನ್ನೇ ಒಗೆದು, ಇನ್ನೆರಡು ಸೇರಿಸಿ ಕಫನ್ ಮಾಡಿ ಎಂದು ಮಗಳು ಆಯಿಶಾರಿಗೆ(ರ) ಹೇಳಿದರು. ಇದು ಹಳೆಯದಲ್ಲವೇ ಎಂದು ಮಗಳು ಕೇಳಿದಾಗ, ಹೊಸ ಬಟ್ಟೆಗೆ ಸತ್ತವನಿಗಿಂತ ಬದುಕಿರುವವನೇ ಹೆಚ್ಚು ಹಕ್ಕುದಾರ ಎಂದು ತಿಳಿಸಿದರು. ಸಾಯುವ ಗಳಿಗೆಯಲ್ಲಿಯೂ ಅವರು ಯೋಚಿಸಿದ್ದು, ಬಟ್ಟೆಯ ಅಗತ್ಯವಿರುವ ಇನ್ನೊಬ್ಬನ ಬಗ್ಗೆ.

ನಮ್ಮ ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆಗೂ ಅಂಥ ಹಕ್ಕುದಾರರು ನಮ್ಮ ಬೀದಿಯಲ್ಲೇ ಇರಬಹುದು. ಮುಂದಿನ ಜುಮುಅದೊಳಗೆ ಒಂದು ಖಾನೆಯನ್ನಾದರೂ ತೆರೆದು ನೋಡೋಣ. ಹಕ್ಕನ್ನು ಹಕ್ಕುದಾರರಿಗೆ ತಲುಪಿಸುವ ತೌಫೀಕ್ ಅಲ್ಲಾಹನು ನಮ್ಮೆಲ್ಲರಿಗೂ ನೀಡಲಿ. ಆಮೀನ್.