ಅರಮನೆಯ ಚಿತ್ರವೂ ಸಿಡುಬಿನ ದಾಕೂ

ಸಿಡುಬನ್ನು ನಮ್ಮ ಜನರು ಕೇವಲ ವ್ಯಾಧಿಯೆಂದು ಬಗೆದವರಲ್ಲ. ಮೈಯಲ್ಲಿ ಗುಳ್ಳೆಗಳೆದ್ದೊಡನೆ ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪನ್ನು ಕಟ್ಟಿ, ಮಡಿಯಿಂದಿದ್ದು, ದೇವಿಯನ್ನು ತಣಿಸಿ ಕಳುಹಿಸಿಕೊಡುವುದೇ ಗೃಹಧರ್ಮವಾಗಿದ್ದಿತು. ಇಂತಹ ಮನೆಗಳೊಳಕ್ಕೆ ರಾಜಾಜ್ಞೆಯು ಸುಲಭವಾಗಿ ಪ್ರವೇಶಿಸಲಾರದು.

ಇಂಗ್ಲೆಂಡಿನ ವೈದ್ಯನಾದ ಜೆನ್ನರನು 1796ರಲ್ಲಿ ಹಸುವಿನ ಸಿಡುಬಿನ ರಸದಿಂದ ಸಾಧಿಸಿದ ದಾಕು, 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಹುಡುಗಿಯೊಬ್ಬಳಿಗೆ ಹಾಕಲ್ಪಟ್ಟಿತು. ಅಲ್ಲಿಂದ ಮುಂದೆ ಅದು ತೋಳಿನಿಂದ ತೋಳಿಗೆ ದಾಟಬೇಕು. ಒಬ್ಬರ ಗುಳ್ಳೆಯ ರಸವೇ ಮತ್ತೊಬ್ಬರಿಗೆ ಔಷಧ. ಯಾರ ಮೈಯ ರಸ ಯಾರ ಮೈಗೆ ಎಂಬ ಪ್ರಶ್ನೆ ಏಳದಿರುವುದುಂಟೆ?

ಆಗ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರು. 1799ರಲ್ಲಿ ಐದನೆಯ ವಯಸ್ಸಿಗೇ ಪಟ್ಟವೇರಿದವರು. ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ನಡೆಸುತ್ತಿದ್ದರು. ಸುಮಾರು 1805ರಲ್ಲಿ ಐರಿಷ್ ಚಿತ್ರಕಾರನಾದ ತಾಮಸ್ ಹಿಕ್ಕಿಯು ಬರೆದನೆನ್ನಲಾದ ತೈಲಚಿತ್ರವೊಂದರಲ್ಲಿ ಆಭರಣಭೂಷಿತೆಯರಾದ ಮೂವರು ಸ್ತ್ರೀಯರಿದ್ದಾರೆ. ಬಹುಕಾಲ ಅವರನ್ನು ನರ್ತಕಿಯರೆಂದೇ ತಿಳಿದಿದ್ದರು. ಇತಿಹಾಸಜ್ಞರಾದ ನೈಜೆಲ್ ಚಾನ್ಸಲರ್ ಅವರು ಈ ಮೂವರನ್ನು ಮೈಸೂರಿನ ರಾಜಸ್ತ್ರೀಯರೆಂದು ಗುರುತಿಸಿದರು: ನಡುವೆ ಹಿರಿಯರಾದ ಲಕ್ಷ್ಮಮ್ಮಣ್ಣಿಯವರು, ಇಕ್ಕೆಲಗಳಲ್ಲಿ ದೊರೆಯ ಇಬ್ಬರು ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ಚಿತ್ರದ ಎಡಗಡೆಯ ರಾಣಿಯ ಮೂಗು ಬಾಯಿಗಳ ಸುತ್ತ ಬಣ್ಣಗೆಟ್ಟ ಚರ್ಮವು, ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೇರಿಸುತ್ತಿದ್ದ ಹಳೆಯ ಪದ್ಧತಿಯ ಗುರುತೆಂದು ಅವರ ಅಭಿಪ್ರಾಯ. ಬಲಗಡೆಯ ಕಿರಿಯ ರಾಣಿಯಾದರೋ ಸೆರಗು ಮುಚ್ಚಬೇಕಾಗಿದ್ದ ಎಡದೋಳನ್ನು ತೆರೆದು, ದಾಕಿನ ಸ್ಥಾನವನ್ನು ಬಲಗೈಯಿಂದ ತೋರುತ್ತಿದ್ದಾರೆ. ಇದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಆದರೂ ಪರಪುರುಷನೆದುರು ಅಂತಃಪುರದವರು ಚಿತ್ರಕ್ಕಾಗಿ ನಿಂತುದು ಅಲ್ಪಕಾರಣಕ್ಕಲ್ಲವೆಂಬ ವಾದವು ಬಲವಾದುದೇ. ರಾಣಿಯವರು ದಾಕು ಹಾಕಿಸಿಕೊಂಡುದನ್ನು ಕಂಡು ಜನರು ಮುಂದೆ ಬಂದರೆಂದು 1806ರ ಜುಲೈ ತಿಂಗಳ ದಾಖಲೆಯು ತಿಳಿಸುತ್ತದೆ. ಮೇಲ್ಪಂಕ್ತಿಯ ಮಾರ್ಗವೆಂದರೆ ಇದು. ಹಿರಿಯ ಮನೆಯ ಹೆಣ್ಣುಮಕ್ಕಳು ಮಾಡಿದುದನ್ನು ಮಿಕ್ಕ ಮನೆಗಳವರು ಅಪಚಾರವೆನ್ನಲಾರರು.

ಮದರಾಸಿನಲ್ಲಿ ಹಿಡಿದ ದಾರಿ ಬೇರೆ. ಭಾಷಾಪಂಡಿತನಾದ ಎಲ್ಲಿಸ್ ಎಂಬ ಕಂಪನಿಯ ಅಧಿಕಾರಿಯು ದಾಕನ್ನು ಹೊಗಳುವ ಸಂಸ್ಕೃತ ಶ್ಲೋಕಗಳನ್ನು ತಾನೇ ರಚಿಸಿ, ಪ್ರಾಚೀನವೆಂಬಂತೆ ಹಬ್ಬಿಸಲು ಯತ್ನಿಸಿದನಂತೆ. ಉದ್ದೇಶವು ಸಾಧುವಾದುದೇ, ಆದರೆ ಗೀರ್ವಾಣವಾಣಿಗೆ ಸುಳ್ಳುಸಾಕ್ಷ್ಯವನ್ನು ನುಡಿಸಿದುದು ಸಾಧುವೆ? ರಾಣಿಯು ತನ್ನ ತೋಳನ್ನೇ ಒಡ್ಡಿದಳು. ಇವನು ಋಷಿಗಳ ಹೆಸರನ್ನು ಒಡ್ಡಿದನು. ಧನ್ವಂತರಿಯದೆನ್ನಲಾದ ಗ್ರಂಥವೊಂದರಲ್ಲಿ ದಾಕಿನ ವಿಧಾನವಿದೆಯೆಂಬ ಬರಹವು 1819ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಚರಕಸುಶ್ರುತಗಳಲ್ಲಿ ಅದರ ಸುಳಿವಿಲ್ಲ. ವಿನೋದವೇನೆಂದರೆ, ಆ ಕಥೆಯನ್ನು ನಂಬಿ ಬಹುಕಾಲ ತಮ್ಮ ವೈದ್ಯಗ್ರಂಥಗಳಲ್ಲಿ ಬರೆದುಕೊಂಡವರು ಯೂರೋಪಿನ ವಿದ್ವಾಂಸರು.