ಹಸುಳೆಯ ನೋಟವನ್ನು ಅಳೆದವರು

ಹುಟ್ಟಿದ ಕೂಸಿಗೆ ಕಣ್ಣು ಕಾಣುವುದೇ ಎಂದು ತಾಯಂದಿರನ್ನು ಕೇಳಿದರೆ ನಕ್ಕಾರು. ಪಂಡಿತರಿಗೆ ಮಾತ್ರ ಇದು ನಗುವ ಪ್ರಶ್ನೆಯಾಗಿರಲಿಲ್ಲ. ಅಮೆರಿಕದ ವಿಲಿಯಂ ಜೇಮ್ಸ್ ೧೮೯೦ರಲ್ಲಿ ಹೊರತಂದ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಶಿಶುವಿನ ಅನುಭವವನ್ನು ಬರಿಯ ಗೊಂದಲವೆಂಬಂತೆ ಚಿತ್ರಿಸಿದರು. ಆ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಕೂಸಿಗೆ ಮಾತಿಲ್ಲ, ಕೈಕಾಲುಗಳು ಸ್ವಾಧೀನದಲ್ಲಿಲ್ಲ. ಅದರ ಪರವಾಗಿ ಸಾಕ್ಷಿ ನುಡಿಯುವವರು ಯಾರು?

ಆ ಸಾಕ್ಷಿಯನ್ನು ಹುಡುಕಿದವರು ರಾಬರ್ಟ್ ಫ್ಯಾಂಟ್ಸ್. ಅವರು ಆರಂಭಿಸಿದ್ದು ಕೋಳಿಮರಿಗಳಿಂದ. ಮೊಟ್ಟೆಯೊಡೆದು ಬಂದ ಮರಿಗಳು ಕಾಳಿನ ಪರಿಚಯವೇ ಇಲ್ಲದೆಯೂ ಮೊನಚಾದವುಗಳಿಗಿಂತ ದುಂಡನೆಯ ವಸ್ತುಗಳನ್ನೇ ಹೆಚ್ಚಾಗಿ ಕುಕ್ಕಿದವು. ಮರಿಗೆ ಕೊಕ್ಕಿದೆ, ಕೂಸಿಗೇನಿದೆ? ಕಣ್ಣು ಹೊರಳಿಸುವ ಶಕ್ತಿಯೊಂದಿದೆ. ಅಷ್ಟೇ ಸಾಕೆಂದು ಫ್ಯಾಂಟ್ಸ್ ಬಗೆದರು.

ಕ್ಲೀವ್‌ಲೆಂಡ್ ನಗರದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಅವರು ಬಳಸಿದ ಉಪಕರಣ ತೀರ ಸರಳವಾದುದು. ಗೂಡಿನಂಥ ಒಂದು ಪೆಟ್ಟಿಗೆ. ಅದರೊಳಗೆ ಅಂಗಾತ ಮಲಗಿದ ಮಗು. ಮೇಲೆ ಎರಡು ಚಿತ್ರಗಳು. ಅವುಗಳ ನಡುವೆ ಒಂದು ಇಣುಕುಗಂಡಿ. ಗಂಡಿಯಿಂದ ನೋಡುವವನಿಗೆ ಮಗುವಿನ ಕಣ್ಣಿನಲ್ಲಿ ಚಿತ್ರದ ಪ್ರತಿಬಿಂಬ ಕಾಣುತ್ತದೆ. ಅದು ಪಾಪೆಯ ಮೇಲೆ ಬಿದ್ದಾಗ ಮಗು ಆ ಚಿತ್ರವನ್ನು ನೋಡುತ್ತಿದೆಯೆಂದು ಲೆಕ್ಕ. ಎಷ್ಟು ಹೊತ್ತು ನೋಡಿತೆಂದು ಬರೆದಿಟ್ಟರಾಯಿತು. ಒಂದರಿಂದ ಹದಿನೈದು ವಾರಗಳ ವಯಸ್ಸಿನ ೩೦ ಶಿಶುಗಳನ್ನು ಹೀಗೆ ವಾರವಾರವೂ ಪರೀಕ್ಷಿಸಿದರು. ಒಂದೇ ಬಗೆಯ ಎರಡು ತ್ರಿಕೋನಗಳ ಮುಂದೆ ನೋಟ ಎತ್ತಲೂ ವಾಲಲಿಲ್ಲ; ಚೌಕಳಿ ಚಿತ್ರವನ್ನೂ ಬರಿಯ ಚೌಕವನ್ನೂ ಇಟ್ಟಾಗ ಚೌಕಳಿಯತ್ತ ವಾಲಿತು. ೧೯೬೩ರಲ್ಲಿ, ಹುಟ್ಟಿ ಐದು ದಿನವೂ ತುಂಬದ ೧೮ ಕೂಸುಗಳ ಸರದಿ. ಮುಖದ ಚಿತ್ರ, ಒಂದರೊಳಗೊಂದು ವೃತ್ತಗಳು, ವೃತ್ತಪತ್ರಿಕೆಯ ತುಣುಕು ಇವನ್ನು ಅವು ಬರಿಯ ಬಣ್ಣದ ಬಿಲ್ಲೆಗಳಿಗಿಂತ ಹೆಚ್ಚು ಹೊತ್ತು ನೋಡಿದವು. (ಓದು ಬಾರದವರು ಪತ್ರಿಕೆಯನ್ನು ಇಷ್ಟು ಶ್ರದ್ಧೆಯಿಂದ ನೋಡಿದ್ದನ್ನು ಸಂಪಾದಕರು ಗಮನಿಸಬೇಕು!)

ಕನ್ನಡದ ಅಧ್ಯಾಪಕನಾಗಿದ್ದ ನನಗೆ ಇಲ್ಲಿ ನಮ್ಮ ಎರಡು ಕ್ರಿಯಾಪದಗಳು ನೆನಪಾಗುತ್ತವೆ: ನೋಡು ಮತ್ತು ಕಾಣು. ಗಡಿಯಾರ ಅಳೆಯುವುದು ನೋಟವನ್ನು; ವಿಜ್ಞಾನಿ ಊಹಿಸುವುದು ಕಾಣ್ಕೆಯನ್ನು. ಇವುಗಳ ನಡುವಣ ಸೇತುವೆ ಒಮ್ಮುಖವಾದುದು. ಒಂದನ್ನು ಹೆಚ್ಚು ಹೊತ್ತು ನೋಡಿದರೆ ಎರಡರ ಭೇದ ಮಗುವಿಗೆ ಕಂಡಿದೆ ಎನ್ನಬಹುದು. ಎರಡನ್ನೂ ಸಮನಾಗಿ ನೋಡಿದರೆ ಭೇದ ಕಾಣಲಿಲ್ಲ ಎನ್ನುವಂತಿಲ್ಲ. ಕಂಡೂ ಎರಡೂ ಒಂದೇ ಎಂದು ಸುಮ್ಮನಿದ್ದೀತು. ಹೆಚ್ಚು ನೋಡಿದ್ದನ್ನು 'ಒಲವು' ಎಂದು ಕರೆಯುವುದೂ ನನಗೆ ಒಪ್ಪಿಗೆಯಿಲ್ಲ. ನಾವು ಹಾವನ್ನೂ ಎವೆಯಿಕ್ಕದೆ ನೋಡುತ್ತೇವೆ.

೧೯೬೪ರಲ್ಲಿ ಫ್ಯಾಂಟ್ಸ್ ಇನ್ನೊಂದು ಹೆಜ್ಜೆಯಿಟ್ಟರು. ಒಂದು ಚಿತ್ರವನ್ನು ಮತ್ತೆ ಮತ್ತೆ ತೋರಿಸಿ, ಅದರ ಪಕ್ಕದ ಚಿತ್ರವನ್ನು ಮಾತ್ರ ಪ್ರತಿ ಸಲವೂ ಬದಲಿಸಿದರು. ಎರಡು ತಿಂಗಳು ದಾಟಿದ ಶಿಶುಗಳು ಹಳತನ್ನು ಬಿಟ್ಟು ಹೊಸತಿನತ್ತ ತಿರುಗಿದವು. ನೆನಪಿಲ್ಲದವರಿಗೆ ಹಳತೆಂಬುದಾದರೂ ಎಲ್ಲಿಯದು? ಮಾತು ಬಾರದ ಮಗುವಿನ ಸ್ಮೃತಿಗೆ ಹೀಗೆ ಪುರಾವೆ ದೊರೆಯಿತು.

ಆದರೂ ಇಣುಕುವವನು ತಾನು ಬಯಸಿದ್ದನ್ನೇ ಕಂಡರೆ? ಈ ಸಂಶಯಕ್ಕೆ ಉಪಾಯ ಹೂಡಿದವರು ಡೇವಿಡಾ ಟೆಲ್ಲರ್. ೧೯೭೪ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ವಿಧಾನದಲ್ಲಿ, ಗೆರೆಗಳ ಚಿತ್ರ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ವೀಕ್ಷಕನಿಗೆ ತಿಳಿದಿರುವುದಿಲ್ಲ. ಮಗುವಿನ ವರ್ತನೆಯನ್ನು ನೋಡಿಯೇ ಅವನು ಹೇಳಬೇಕು. ೧೯೮೦ರ ದಶಕದಲ್ಲಿ ಇದೇ ತತ್ತ್ವದ ಮೇಲೆ ಟೆಲ್ಲರ್ ಹೆಸರಿನ ಕಾರ್ಡುಗಳು ಬಂದವು. ಬೂದುಬಣ್ಣದ ಹಲಗೆ, ಒಂದು ಬದಿಗೆ ಗೆರೆಗಳು. ಕಾರ್ಡಿನಿಂದ ಕಾರ್ಡಿಗೆ ಗೆರೆಗಳು ಸಣ್ಣದಾಗುತ್ತವೆ. ಮಗುವಿನ ನೋಟ ಎಲ್ಲಿ ಗುರಿ ತಪ್ಪುತ್ತದೆಯೋ ಅಲ್ಲಿಗೆ ಅದರ ದೃಷ್ಟಿಯ ಅಳತೆ ಸಿಕ್ಕಿತು. ಅಕ್ಷರಮಾಲೆಯ ಫಲಕ ಓದಲಾರದ ಮಕ್ಕಳ ಕಣ್ಣನ್ನು ವೈದ್ಯರು ಈಗಲೂ ಹೀಗೆ ಪರೀಕ್ಷಿಸುತ್ತಾರೆ. ಆ ಕಾರ್ಡಿನ ನಟ್ಟನಡುವೆಯೂ ಒಂದು ಇಣುಕುಗಂಡಿ ಇದೆ.