ಮಣಿ ಹೆಣಿಗೆಯ ಕಿವಿಯೊಡವೆ: ದಾವಣಗೆರೆ–ಹರಿಹರ ಸೀಮೆ

ಸಣ್ಣ ಮಣಿಗಳನ್ನು ಸೂಜಿ ದಾರದಿಂದ ಒಂದಕ್ಕೊಂದು ಬಿಗಿದು, ಬಟ್ಟೆಯ ಆಸರೆಯಿಲ್ಲದೆ ಮಾಡುವ ಓಲೆ, ಜುಮುಕಿ, ಲೋಲಾಕು, ಮಾಟಿ ಮೊದಲಾದವು ಮಣಿ ಹೆಣಿಗೆಯ ಕಿವಿಯೊಡವೆಗಳು. ಪೋಣಿಸುವುದು ಬೇರೆ, ಹೆಣೆಯುವುದು ಬೇರೆ. ಪೋಣಿಸುವಾಗ ದಾರ ಮಣಿಯನ್ನು ಒಮ್ಮೆ ಹಾದು ಮುಂದೆ ಸಾಗುತ್ತದೆ, ಆಗುವುದು ಸರ. ಹೆಣೆಯುವಾಗ ದಾರ ಹಿಂದಿರುಗಿ, ಮೊದಲೇ ಕೂತ ಮಣಿಯನ್ನು ಮತ್ತೆ ಹೊಕ್ಕು, ಪಕ್ಕದ ಮಣಿಯನ್ನು ಅದಕ್ಕೆ ಕಟ್ಟುತ್ತದೆ, ಆಗುವುದು ಹಾಸು. ಈ ಹಾಸು ಮಡಿಸಿದರೆ ಮಡಿಯುತ್ತದೆ, ತೂಗಿಸಿದರೆ ತೂಗುತ್ತದೆ, ಲೋಹಕ್ಕಿಂತ ಹಗುರವಾಗಿರುತ್ತದೆ. ಕಿವಿಗೆ ಈ ಹಗುರತನವೇ ಮುಖ್ಯ.

ಕನ್ನಡದಲ್ಲಿ ಕಿವಿಯೊಡವೆಗೆ ಇರುವ ಹಳೆಯ ಹೆಸರುಗಳೂ ಹಗುರ ವಸ್ತುಗಳನ್ನೇ ನೆನಪಿಸುತ್ತವೆ. ಓಲೆ ಎಂದರೆ ತಾಳೆಯ ಗರಿ. ಅದರ ಸುರುಳಿಯನ್ನು ಕಿವಿಯ ತೂತಿಗೆ ಇಡುತ್ತಿದ್ದುದರಿಂದ ಒಡವೆಗೂ ಅದೇ ಹೆಸರು ಬಂತು. ಬೆಂಡೋಲೆಯಲ್ಲಿ ಗಿಡದ ಮೆತ್ತನೆಯ ತಿರುಳಾದ ಬೆಂಡು ಉಳಿದಿದೆ. ಬಂಗಾರದ ಓಲೆ ಇವುಗಳ ಆಕಾರವನ್ನೂ ಹೆಸರನ್ನೂ ಪಡೆದುಕೊಂಡಿತು. ಆದ್ದರಿಂದ ಮಣಿಯ ಓಲೆಯನ್ನು ಬಂಗಾರದ ಬಡ ನಕಲು ಎಂದು ನೋಡುವುದು ಸರಿಯಲ್ಲ.

ಈ ಸೀಮೆಯ ಸುತ್ತ ಮಣಿಯ ಇತಿಹಾಸ ಬಹಳ ಹಿಂದಕ್ಕೆ ಹೋಗುತ್ತದೆ. ದಾವಣಗೆರೆ ಮತ್ತು ಹರಿಹರ 1997ರ ವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಅದೇ ಚಿತ್ರದುರ್ಗದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದರು. ಅಲ್ಲಿನ ಬೃಹತ್ ಶಿಲಾಯುಗದ ಸಮಾಧಿಯೊಂದರಲ್ಲಿ ಅಸ್ಥಿಪಂಜರದ ಜೊತೆ 33 ಚಿನ್ನದ ಮಣಿಗಳು, 2 ಕಲ್ಲಿನ ಮಣಿಗಳು, 4 ತಾಮ್ರದ ಬಳೆಗಳು ಮತ್ತು ಒಂದು ಶಂಖ ಸಿಕ್ಕಿದವು.

ಮಧ್ಯಯುಗದ ಒಡವೆಗಳನ್ನು ಕಾಣಲು ದೇವಸ್ಥಾನಗಳಿಗೆ ಹೋಗಬೇಕು. ದಾವಣಗೆರೆಯ ಆನೆಕೊಂಡದ ಈಶ್ವರ ದೇವಾಲಯವೂ, ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರದ ಹರಿಹರೇಶ್ವರ ದೇವಾಲಯವೂ ಈ ಕಾಲದವು. ಆ ಕಾಲದ ಶಿಲ್ಪಿಗಳು ಮೂರ್ತಿಗಳ ಮೈಮೇಲೆ ಮುತ್ತಿನ ಎಳೆಗಳನ್ನು ಒಂದೊಂದು ಮಣಿಯೂ ಬಿಡಿಯಾಗಿ ಕಾಣುವಂತೆ ಕಡೆಯುತ್ತಿದ್ದರು. ಹರಿಹರ ಮೂರ್ತಿಯ ಲಕ್ಷಣದಲ್ಲಿ ಕಿವಿಗೆ ಬೇರೆಯೇ ಮಹತ್ವವಿದೆ: ಶಿವನ ಪಾಲಿನ ಕಿವಿಗೆ ಸರ್ಪಕುಂಡಲ, ವಿಷ್ಣುವಿನ ಪಾಲಿನ ಕಿವಿಗೆ ಮಕರಕುಂಡಲ. ದೇವರನ್ನು ಗುರುತಿಸಲು ಕಿವಿಯೊಡವೆಯೇ ಸಾಕಾಗುವಷ್ಟು ಅದು ಮಾತನಾಡುತ್ತಿತ್ತು.

ಮಣಿ ಮತ್ತು ದಾರವನ್ನು ಉಡುಗೆಯ ಜೀವಾಳ ಮಾಡಿಕೊಂಡವರು ಲಂಬಾಣಿಗಳು. ಅವರ ಆರಾಧ್ಯ ಸಂತ ಸೇವಾಲಾಲರು 1739ರಲ್ಲಿ ಜನಿಸಿದರೆಂದು ನಂಬುವ ಸೂರಗೊಂಡನಕೊಪ್ಪ ಇಂದು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ಫೆಬ್ರುವರಿಯ ಜಾತ್ರೆಗೆ ದೂರದೂರದ ತಾಂಡಾಗಳಿಂದ ಜನ ಸೇರುತ್ತಾರೆ. ಲಂಬಾಣಿ ಹೆಂಗಸರ ಸಾಂಪ್ರದಾಯಿಕ ಉಡುಗೆಯಾದ ಫೇಟಿಯಾ ಮತ್ತು ಕಾಂಚಳಿಯ ಮೇಲೆ ಕನ್ನಡಿ ಬಿಲ್ಲೆ, ಕವಡೆ, ನಾಣ್ಯ, ಗಾಜಿನ ಮಣಿ ಕೂರುತ್ತವೆ. ಮದುವೆಯಾದವರು ಕೆನ್ನೆಯ ಎರಡೂ ಬದಿಗೆ, ಕಿವಿಯ ಪಕ್ಕದಲ್ಲಿ ತೂಗುವಂತೆ ಘುಗ್ರಿ ಮತ್ತು ಟೋಪ್ಲಿ ಎಂಬ ಬೆಳ್ಳಿಯ ಒಡವೆಗಳನ್ನು ಧರಿಸುತ್ತಾರೆ. ಇವು ಕಿವಿಯ ತೂತಿನಿಂದ ಇಳಿಯುವುದಿಲ್ಲ, ಕೂದಲಿಗೆ ಕಟ್ಟಿರುತ್ತವೆ; ಬೆಳ್ಳಿಯ ಭಾರ ಕಿವಿಗೆ ಬೀಳದಿರಲು ಇದೇ ಉಪಾಯ. ಬಯಲುಸೀಮೆಯ ಇತರ ಮನೆಗಳಲ್ಲಿ ಇದೇ ಕೆಲಸವನ್ನು ಮಾಟಿ ಮಾಡುತ್ತದೆ: ಮುತ್ತು ಅಥವಾ ಮಣಿಯ ಎಳೆಯೊಂದು ಜುಮುಕಿಯನ್ನು ಹಿಡಿದು ಕಿವಿಯ ಮೇಲಿನ ಕೂದಲಿಗೆ ಸಿಕ್ಕಿಸಿಕೊಳ್ಳುತ್ತದೆ. ಲಂಬಾಣಿ ಕಸೂತಿಗೆ ಬಳ್ಳಾರಿ ಜಿಲ್ಲೆಯ ಸಂಡೂರಿನ ಹೆಸರಿನಲ್ಲಿ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಈಗ ಲಂಬಾಣಿ ಶೈಲಿಯ ಓಲೆಗಳೆಂದು ಮಾರಾಟವಾಗುವವು ಹೆಚ್ಚಾಗಿ ಈ ಕಸೂತಿಯ ತುಂಡು, ಕವಡೆ, ಮಣಿ ಕುಚ್ಚುಗಳನ್ನು ಸೇರಿಸಿದ ಹೊಸ ರೂಪಗಳು.

ಇನ್ನೊಂದು ಎಳೆ ಗೃಹಿಣಿಯರದು. ಇಪ್ಪತ್ತನೆಯ ಶತಮಾನದಲ್ಲಿ ಕರ್ನಾಟಕದ ಹಲವು ಮನೆಗಳ ಬಾಗಿಲಿಗೆ ಮಣಿಯ ತೋರಣ, ಗೋಡೆಗೆ ಚೌಕಟ್ಟಿನೊಳಗಿನ ಮಣಿಯ ಗಿಳಿ, ಮದುವೆಗೆ ಮಣಿ ಹೊದಿಸಿದ ತೆಂಗಿನಕಾಯಿ ಬಂದವು. ಇವನ್ನು ಮಾಡುವ ಕ್ರಮ ಎರಡು ಸೂಜಿಯದು: ಒಂದೇ ದಾರದ ಎರಡೂ ತುದಿಗೆ ಸೂಜಿ, ನಾಲ್ಕನೆಯ ಮಣಿಯೊಳಗೆ ಎರಡೂ ಎದುರುಬದುರಾಗಿ ಹಾದರೆ ಒಂದು ಚೌಕ. ಚೌಕಕ್ಕೆ ಚೌಕ ಕೂಡಿಸಿ ಚೆಂಡು, ಬುಟ್ಟಿ, ಗಿಳಿ ಏನು ಬೇಕಾದರೂ ಆಗುತ್ತದೆ. ಬೇರೆ ದೇಶಗಳಲ್ಲಿ ಲಂಬಕೋನ ಹೆಣಿಗೆ ಎಂಬ ಹೆಸರಿನಿಂದ ಕಲಿಸುವುದು ಇದನ್ನೇ. ಇದು ತಲೆಮಾರುಗಳಿಂದ ಅಜ್ಜಿ–ಮೊಮ್ಮಗಳ ನಡುವೆ ಕೈಯಿಂದ ಕೈಗೆ ಬಂದ ವಿದ್ಯೆ. ಕರಕುಶಲದ ಚರಿತ್ರೆಗಳು ಇದಕ್ಕೆ ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ.

ಕಚ್ಚಾ ವಸ್ತುವಿನ ದಾರಿಯೂ ಉದ್ದವಾದುದು. ಪುದುಚೇರಿಯ ಕರಾವಳಿಯ ಅರಿಕಮೇಡು ಎರಡು ಸಾವಿರ ವರ್ಷಗಳ ಹಿಂದೆಯೇ ಎಳೆದು ಕತ್ತರಿಸಿದ ಸಣ್ಣ ಗಾಜಿನ ಮಣಿಗಳ ಕೇಂದ್ರವಾಗಿತ್ತು. ಆ ಪದ್ಧತಿ ಆಂಧ್ರಪ್ರದೇಶದ ಪಾಪನಾಯುಡುಪೇಟೆಯಲ್ಲಿ ನಮ್ಮ ಕಾಲದವರೆಗೂ ನಡೆದುಬಂತು. ಮುಂದೆ ವೆನಿಸ್ ಮತ್ತು ಬೊಹೆಮಿಯಾದ ಮಣಿಗಳು ಭಾರತದ ಪೇಟೆಗಳಿಗೆ ಬಂದವು. 1980ರ ದಶಕದಲ್ಲಿ ಜಪಾನಿನ ಮಿಯುಕಿ ಕಂಪನಿ ಒಂದೇ ಅಳತೆಯ ಕೊಳವೆಯಾಕಾರದ ಮಣಿಗಳನ್ನು ತಂದಿತು. ಅಂಚು ಸೊಟ್ಟಗಾಗದ ಹೆಣಿಗೆ ಅದರಿಂದ ಸುಲಭವಾಯಿತು.

ಮಣಿ ಓಲೆಗೆ ಇಂದು ಹೆಚ್ಚು ಬಳಕೆಯಲ್ಲಿರುವುದು ಇಟ್ಟಿಗೆ ಹೆಣಿಗೆ. ಆಫ್ರಿಕಾದಲ್ಲೂ ಅಮೆರಿಕದ ಮೂಲನಿವಾಸಿಗಳಲ್ಲೂ ಬೆಳೆದ ಈ ಕ್ರಮದಲ್ಲಿ ಮೊದಲು ಮಣಿಗಳನ್ನು ಅಕ್ಕಪಕ್ಕ ನಿಲ್ಲಿಸಿ ಏಣಿಯಂತೆ ಒಂದು ಸಾಲು ಕಟ್ಟಬೇಕು. ಮುಂದಿನ ಸಾಲಿನ ಸೂಜಿ ಮಣಿಯೊಳಗೆ ಹೋಗದೆ, ಎರಡು ಮಣಿಗಳ ನಡುವೆ ಮೇಲೆ ಕಾಣುವ ದಾರಕ್ಕೆ ಸಿಕ್ಕಿಕೊಂಡು, ಹೊಸ ಮಣಿಯೊಳಗಿಂದ ಮೇಲೆ ಬರುತ್ತದೆ. ಹೆಚ್ಚಿಗೆ ಮಣಿ ಸೇರಿಸದಿದ್ದರೆ ಸಾಲು ಪ್ರತಿ ಸಲ ಒಂದೊಂದು ಮಣಿ ಕಡಿಮೆಯಾಗಿ ತ್ರಿಕೋನ ತಾನಾಗಿಯೇ ಮೂಡುತ್ತದೆ. 9 ಮಣಿಯಿಂದ ಹೊರಟು 2ಕ್ಕೆ ನಿಲ್ಲಿಸಿದರೆ 44 ಮಣಿ ಬೇಕು. 2 ಮಿಲಿಮೀಟರಿನ ಮಣಿಗಾದರೆ ಬುಡದ ಅಗಲ ಸುಮಾರು 18 ಮಿಲಿಮೀಟರು. ತುದಿಯಲ್ಲಿ ಕೊಕ್ಕೆಗೆ ಉಂಗುರ, ಬುಡದ ಪ್ರತಿ ಮಣಿಯಿಂದ ಇಳಿಬಿಟ್ಟ ಕುಚ್ಚು. ಕುಚ್ಚಿನಲ್ಲಿ ದಾರ ಕೊನೆಯ ಮಣಿಯನ್ನು ಬಳಸಿ, ಉಳಿದವುಗಳೊಳಗೇ ಹಿಂದಿರುಗುತ್ತದೆ. ಆ ಕೊನೆಯ ಮಣಿಯೇ ಬೀಗ. ದಾರವನ್ನು ಅತಿಯಾಗಿ ಬಿಗಿದರೆ ಕುಚ್ಚು ಕಡ್ಡಿಯಂತೆ ನಿಲ್ಲುತ್ತದೆ, ಸಡಿಲಬಿಟ್ಟರೆ ದಾರ ಕಾಣುತ್ತದೆ. ಕೈಯ ಹದ ಗೊತ್ತಾಗುವುದು ಇಲ್ಲೇ.

ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯಲ್ಲಿ ಗಿರಣಿಗಳು ಮುಚ್ಚಿದರೂ ಬಟ್ಟೆ ವ್ಯಾಪಾರ ನಿಂತಿಲ್ಲ. ಸೀರೆಯಿರುವಲ್ಲಿ ಸೆರಗಿನ ಕುಚ್ಚು ಇದ್ದೇ ಇರುತ್ತದೆ. ಮನೆಯಲ್ಲೇ ಕೂತು ಮಣಿ ಸೇರಿಸಿ ಸೀರೆಗೆ ಕುಚ್ಚು ಹಾಕುವುದು, ರವಿಕೆಗೆ ಆರಿ ಕೆಲಸ ಮಾಡುವುದು ಹೆಂಗಸರ ಸಂಪಾದನೆಯ ದಾರಿಯಾಗಿದೆ. ರೇಷ್ಮೆ ದಾರ ಸುತ್ತಿದ ಜುಮುಕಿ, ಸೀರೆಯ ಬಣ್ಣಕ್ಕೆ ಒಪ್ಪುವ ಮಣಿಯ ಓಲೆ ಈ ಕೆಲಸದ ಬೆನ್ನಲ್ಲೇ ಬೆಳೆದವು. ಸೂಜಿ, ಮಣಿ, ನೈಲಾನ್ ದಾರ ಎಲ್ಲವೂ ಕುಚ್ಚಿನ ಡಬ್ಬಿಯಲ್ಲೇ ಇರುತ್ತವೆ. ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಂಥ ಕಡೆ ಬಳೆ, ಸರ, ಓಲೆಗಳ ಸಾಲು ಅಂಗಡಿಗಳೂ ಇರುತ್ತವೆ. ಅಲ್ಲಿನ ಅಚ್ಚಿನ ಪ್ಲಾಸ್ಟಿಕ್ ಓಲೆಗೆ ಬೆಲೆಯಲ್ಲಿ ಕೈ ಹೆಣಿಗೆ ಸಾಟಿಯಾಗಲಾರದು. ಗಂಟೆಗಟ್ಟಲೆ ಕೂತು ಮಾಡಿದ ಕೆಲಸಕ್ಕೆ ಮಣಿಯ ಬೆಲೆಯ ಮೇಲೆ ಕೂಲಿಯನ್ನೂ ಕಟ್ಟಬೇಕು.

ಹೆಣಿಗೆಯ ಆಯುಷ್ಯ ದಾರದ ಆಯುಷ್ಯವೇ. ಬೆವರು, ಎಣ್ಣೆ, ಗಾಜಿನ ತೂತಿನ ಹರಿತ ಅಂಚು ದಾರವನ್ನು ಸವೆಸುತ್ತವೆ. ಕಡಿದ ಓಲೆಯ ಮಣಿಗಳನ್ನು ಬಿಚ್ಚಿ ಬೇರೆಯದಕ್ಕೆ ಬಳಸುವುದು ವಾಡಿಕೆ. ಹೀಗಾಗಿ ಹಳೆಯ ಮಣಿ ಸಿಗುತ್ತದೆ, ಹಳೆಯ ಹೆಣಿಗೆ ಸಿಗುವುದು ಅಪರೂಪ. ಬ್ರಹ್ಮಗಿರಿಯ 35 ಮಣಿಗಳು ಉಳಿದವು, ಅವನ್ನು ಹಿಡಿದಿದ್ದ ದಾರ ಉಳಿಯಲಿಲ್ಲ.